ಸೊರಗಿದ ಕಡಲೆ ಗಿಡ ಔಷಧಿ ಸಿಂಪಡಿಸಿದರೆ ಚೇತರಿಸಿಕೊಳ್ಳುತ್ತದೆಯೇ?

ನಿನ್ನೆ ಹಸಿರಾಗಿದ್ದ ಕಡಲೆ ಗಿಡ ಇವತ್ತು ಬಾಡಿದೆ. ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ‘ಈ ಔಷಧಿ ಹೊಡೀರಿ, ಎರಡೇ ದಿನದಲ್ಲಿ ಸರಿಹೋಗುತ್ತೆ’ ಎಂಬ ಉತ್ತರ ಬರಬಹುದು. ನಂಬಿ ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಓದಿ.

ಅದು ಸೊರಗು ರೋಗವಾಗಿದ್ದರೆ ಸಿಂಪಡಣೆಯಿಂದ ಆ ಗಿಡ ಉಳಿಯುವುದಿಲ್ಲ. ಈ ರೋಗ ತರುವುದು ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಿಂದ ಬೇರಿನೊಳಗೆ ಹೊಕ್ಕು, ನೀರು ಸಾಗಿಸುವ ನಾಳಗಳನ್ನು ಕಟ್ಟಿಬಿಡುತ್ತದೆ. ನೆಲದಲ್ಲಿ ತೇವವಿದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ಎಲೆಗೆ ಹೊಡೆದ ಔಷಧಿ ಬೇರಿನವರೆಗೆ ಇಳಿದು ಅದನ್ನು ಕೊಲ್ಲುವುದೂ ಇಲ್ಲ.

ಗುರುತಿಸುವುದು ಹೇಗೆ?

ಬಾಡಿದ ಗಿಡವನ್ನು ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಅಥವಾ ಕಪ್ಪು ಗೆರೆ ಕಂಡರೆ ಸೊರಗು ರೋಗ. ಬೇರು ಒಣಗಿ, ಕೀಳುವಾಗಲೇ ಪಟ್ಟನೆ ಮುರಿದರೆ ಅದು ಒಣ ಬೇರು ಕೊಳೆ ರೋಗವಿರಬಹುದು. ಬಿಸಿಲು ಹೆಚ್ಚಿ ನೆಲ ಒಣಗಿದಾಗ ಅದು ಜಾಸ್ತಿ.

ಹಾಗಾದರೆ ಏನು ಮಾಡಬೇಕು?

ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟುಹಾಕಿ. ರೋಗ ಬೀಜದಿಂದಲೂ ಹರಡುವುದರಿಂದ ಆ ಹೊಲದ ಕಡಲೆಯನ್ನು ಬಿತ್ತನೆಗೆ ಇಡಬೇಡಿ. ಕಡಲೆ ಬೆಳೆಯದಿದ್ದರೂ ಈ ಶಿಲೀಂಧ್ರ ಮಣ್ಣಿನಲ್ಲಿ ಆರು ವರ್ಷದವರೆಗೆ ಬದುಕಬಲ್ಲದು. ಹಾಗಾಗಿ ಒಂದು ವರ್ಷ ಬೆಳೆ ಬದಲಿಸಿದರೆ ಸಾಲದು.

ನಿಜವಾದ ಮದ್ದು ಇರುವುದು ಬಿತ್ತನೆಗೆ ಮೊದಲು. ಉತ್ತರ ಕರ್ನಾಟಕದ ಅಚ್ಚುಮೆಚ್ಚಿನ ತಳಿ ಅಣ್ಣಿಗೇರಿ-1 ಸೊರಗು ರೋಗಕ್ಕೆ ಬೇಗ ತುತ್ತಾಗುತ್ತಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ವಿಜ್ಞಾನಿಗಳು ಡಬ್ಲ್ಯುಆರ್-315 ಎಂಬ ತಳಿಯ ರೋಗ ನಿರೋಧಕ ಗುಣವನ್ನು ಅದಕ್ಕೆ ಸೇರಿಸಿ ಸೂಪರ್ ಅಣ್ಣಿಗೇರಿ-1 ರೂಪಿಸಿದರು. 2019ರಲ್ಲಿ ಅದನ್ನು ಬಿಡುಗಡೆ ಮಾಡಲಾಯಿತು. ಜೆಜಿ-11 ಕೂಡ ಸೊರಗು ರೋಗ ತಡೆಯುವ ತಳಿ.

ಜೊತೆಗೆ ಬೀಜೋಪಚಾರ ಮಾಡಿ: ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ನೆರಳಲ್ಲಿ ಒಣಗಿಸಿ. ಟ್ರೈಕೋಡರ್ಮಾ ಕೂಡ ಜೀವಂತ ಶಿಲೀಂಧ್ರವೇ, ಆದರೆ ನಮ್ಮ ಪರ. ಕಾರ್ಬೆಂಡಜಿಮ್ ಬೆರೆಸಿದರೆ ಅದೂ ಸಾಯುತ್ತದೆ.

ಅನುಮಾನವಿದ್ದರೆ ಕಿತ್ತ ಗಿಡವನ್ನೇ ಹಿಡಿದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಯಳಂದೂರಿನ ಅಗರ, ಕೊಳ್ಳೇಗಾಲ, ಹನೂರು ಕಡೆಯವರಿಗೆ ಚಾಮರಾಜನಗರದ ಹರದನಹಳ್ಳಿಯಲ್ಲಿ ಕೇಂದ್ರವಿದೆ. ‘ಎರಡೇ ದಿನದ ಔಷಧಿ’ಯ ಸಂದೇಶ ನಿಮಗೂ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಕಾಂಡ ಸೀಳಿ ನೋಡಿ.