ಅಟ್ಟದ ಮೇಲಿನ ಫೋನೋ: ಅದರ ವಯಸ್ಸೆಷ್ಟು?

ಗದಗ-ಬೆಟಗೇರಿಯ ಹಳೆಯ ಮನೆಗಳ ಅಟ್ಟವನ್ನು ಹುಡುಕಿದರೆ ಇಂದಿಗೂ ಕೈಗೆ ಸಿಕ್ಕಬಹುದಾದ ವಸ್ತುಗಳಲ್ಲಿ ಗ್ರಾಮೋಫೋನ್ ಒಂದು. ಹಿರಿಯರ ಬಾಯಲ್ಲಿ ಅದು ‘ಫೋನೋ’. ಒಂದು ಮನೆಯಲ್ಲಿ ಪೆಟ್ಟಿಗೆಯಿದ್ದರೆ ಕೀಲಿ ಕೊಡುವ ಹ್ಯಾಂಡಲ್ ಇರುವುದಿಲ್ಲ. ಇನ್ನೊಂದರಲ್ಲಿ ಪೆಟ್ಟಿಗೆಯನ್ನು ಗೆದ್ದಲು ತಿಂದು ಕಬ್ಬಿಣದ ಯಂತ್ರವಷ್ಟೇ ಉಳಿದಿರುತ್ತದೆ. “ಇದು ನಮ್ಮ ಮುತ್ತಜ್ಜನದು, ನೂರು ವರ್ಷ ದಾಟಿದೆ” ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಕೊಳ್ಳಲು ಬಂದ ಗುಜರಿಯವನು “ಐವತ್ತೂ ಆಗಿಲ್ಲ ಬಿಡ್ರಿ” ಎನ್ನುತ್ತಾನೆ. ಅವನೇ ಅದನ್ನು ಮಾರುವ ಹೊತ್ತಿಗೆ ಅದಕ್ಕೆ ನೂರಿಪ್ಪತ್ತು ತುಂಬಿರುತ್ತದೆ!

ಇವರಲ್ಲಿ ಯಾರ ಮಾತು ನಿಜ? ಯಂತ್ರವನ್ನೇ ಕೇಳಬೇಕು. ಆದರೆ ಕೇಳುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯ. ಗ್ರಾಮೋಫೋನಿಗೆ ಒಂದೇ ವಯಸ್ಸು ಇರುವುದು ಅಪರೂಪ. ಸ್ಪ್ರಿಂಗು ಮುರಿದಾಗ ಹೊಸದನ್ನು ಹಾಕಿಸಿದ್ದಾರೆ, ಸೌಂಡ್ ಬಾಕ್ಸ್ ಕೆಟ್ಟಾಗ ಬೇರೊಂದು ಯಂತ್ರದ್ದನ್ನು ತಂದು ಕೂಡಿಸಿದ್ದಾರೆ. ಪೆಟ್ಟಿಗೆ ಅಜ್ಜನದು, ತಿರುಪುಗಳು ಮೊಮ್ಮಗನವು. ಆದುದರಿಂದ ಒಂದೊಂದು ಭಾಗದ ಕಾಲವನ್ನೂ ಪ್ರತ್ಯೇಕವಾಗಿಯೇ ನಿರ್ಣಯಿಸಬೇಕು. ಲೋಹದ ಮೇಲೆ ಕೆತ್ತಿದ ಪೇಟೆಂಟ್ ಇಸವಿಯನ್ನು ಕಂಡೊಡನೆ ಹಿಗ್ಗುವವರುಂಟು. ಆ ಇಸವಿಯು ಈ ಭಾಗ ಅದಕ್ಕಿಂತ ಹಳೆಯದಲ್ಲವೆಂದು ಮಾತ್ರ ಸಾರುತ್ತದೆ. ಎಷ್ಟು ಹೊಸದೆಂಬುದನ್ನು ಹೇಳುವುದಿಲ್ಲ.

ನಮ್ಮ ದೇಶದ ನೆಲದಲ್ಲಿ ಗಾಯನ ಮೊದಲ ಬಾರಿಗೆ ಈ ತಟ್ಟೆಗಳಿಗೆ ಇಳಿದುದು 1902ರ ನವೆಂಬರಿನಲ್ಲಿ. ಇಂಗ್ಲೆಂಡಿನಿಂದ ಬಂದ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡನು. ಆಗ ಆ ಸಂಸ್ಥೆಯ ಹೆಸರು ‘ಗ್ರಾಮೋಫೋನ್ ಅಂಡ್ ಟೈಪ್‌ರೈಟರ್ ಲಿಮಿಟೆಡ್’. ಹಾಡಿನ ಯಂತ್ರದೊಡನೆ ಬೆರಳಚ್ಚಿನ ಯಂತ್ರವನ್ನೂ ಮಾರಹೊರಟ ಸಾಹಸ ಫಲಿಸಲಿಲ್ಲ. 1907ರಲ್ಲಿ ಹೆಸರಿನಿಂದ ‘ಟೈಪ್‌ರೈಟರ್’ ಉದುರಿತು. ಒಂದು ಭಾಗದ ಮೇಲೆ ಈ ಪೂರ್ಣ ಹೆಸರು ಕೆತ್ತಿದ್ದರೆ ಅದು 1900ರಿಂದ 1907ರೊಳಗಿನದು. ಇಷ್ಟು ಖಚಿತವಾದ ಸಾಕ್ಷ್ಯ ಬೇರೆಲ್ಲೂ ದೊರೆಯುವುದು ಕಷ್ಟ. ಎಲ್ಲರೂ ಬಲ್ಲ ನಾಯಿಯ ಚಿತ್ರವಾದರೋ ಇಂಗ್ಲೆಂಡಿನಲ್ಲಿ 1909ರಿಂದ ತಟ್ಟೆಗಳ ಮೇಲೆ ಬಂದು, ಹಲವು ದಶಕ ಅಲ್ಲಿಯೇ ಕುಳಿತುಬಿಟ್ಟಿತು. ನಾಯಿಯೊಂದರಿಂದಲೇ ವಯಸ್ಸು ತಿಳಿಯುವುದು ಸಾಧ್ಯವಿಲ್ಲ. ಮೇಲಾಗಿ ಇಂದು ಪೇಟೆಯಲ್ಲಿ ಥಳಥಳಿಸುವ ಹಿತ್ತಾಳೆಯ ಕಹಳೆ ತೊಡಿಸಿ, ಹೊಸ ಮರದ ಪೆಟ್ಟಿಗೆಗೆ ಈ ನಾಯಿಯನ್ನೇ ಅಂಟಿಸಿ ಮಾರುವ ಯಂತ್ರಗಳು ಹೇರಳವಾಗಿವೆ. ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಯಾವುದೋ ಕೈಪೆಟ್ಟಿಗೆಯ ಮೋಟರು! ಇಂತಹದಕ್ಕೆ ‘1905’ ಎಂಬ ಚೀಟಿ ತೂಗಿದ್ದರೆ ಓದಿ ಆನಂದಿಸಬಹುದು, ಕೊಳ್ಳಬೇಕಾಗಿಲ್ಲ.

ಸೌಂಡ್ ಬಾಕ್ಸ್ ಎಂದರೆ ಸೂಜಿಯ ನಡುಕವನ್ನು ನಾದವಾಗಿಸುವ ದುಂಡನೆಯ ಡಬ್ಬಿ. ಅದರ ನಡುವಿನ ತೆಳುಹಾಳೆ ಮೊದಲು ಅಭ್ರಕದ್ದಾಗಿತ್ತು. 1925ರಲ್ಲಿ ವಿದ್ಯುತ್ತಿನ ಸಹಾಯದಿಂದ ಧ್ವನಿಮುದ್ರಣ ಮಾಡುವ ಪದ್ಧತಿ ಬಂದಮೇಲೆ, ಆ ಹೊಸ ತಟ್ಟೆಗಳ ಮಂದ್ರವನ್ನೂ ತಾರವನ್ನೂ ಸರಿಯಾಗಿ ಹೊರಡಿಸಲು ಅಲ್ಯುಮಿನಿಯಂ ಹಾಳೆ ಬಳಕೆಗೆ ಬಂದಿತು. ಎಚ್.ಎಂ.ವಿ. ಯಂತ್ರಗಳಲ್ಲಿ 4ನೆಯ ಸಂಖ್ಯೆಯದು ಅಭ್ರಕದ್ದು; 5ಎ, 5ಬಿ ಎಂಬವು ಲೋಹದವು. ಆದರೆ ಅಗ್ಗದ ಯಂತ್ರಗಳಲ್ಲಿ ಅಭ್ರಕ ಬಹುಕಾಲ ಉಳಿದಿತ್ತು. ಹೀಗಾಗಿ ಲೋಹದ ಹಾಳೆ ಕಂಡರೆ ಕಾಲವನ್ನು ಈಚೆಗೆ ತರಬಹುದೇ ಹೊರತು, ಅಭ್ರಕ ಕಂಡಮಾತ್ರಕ್ಕೆ ಹಿಂದಕ್ಕೆ ತಳ್ಳಲಾಗದು.

ಲೇಪವೂ ಸಾಕ್ಷಿಯೇ. ತುಸು ಹಳದಿ ಛಾಯೆಯ, ಮೆತ್ತನೆಯ ಹೊಳಪಿನ ನಿಕ್ಕಲ್ ಹಳೆಯದು. ಕನ್ನಡಿಯಂತೆ ನೀಲಿಯಾಗಿ ಮಿಂಚುವ ಕ್ರೋಮಿಯಂ 1920ರ ದಶಕದ ಕೊನೆಗೆ ಬಳಕೆಗೆ ಬಂದುದು. ತಿರುಪಿನ ತಲೆಯಲ್ಲಿ ಒಂದೇ ಗೀರಿದೆಯೇ, ಅಧಿಕ ಚಿಹ್ನೆಯಂತಹ ಗುಳಿಯಿದೆಯೇ ನೋಡಿರಿ. ಎರಡನೆಯ ಬಗೆಗೆ ಅಮೆರಿಕದಲ್ಲಿ ಪೇಟೆಂಟ್ ದೊರೆತುದು 1936ರಲ್ಲಿ. 1931ರಲ್ಲಿ ಹೊರಬಂದ ಪ್ರಸಿದ್ಧ ಕೈಪೆಟ್ಟಿಗೆ ‘102’ರ ಆರಂಭದ ಮಾದರಿಯಲ್ಲಿ ಅಂತಹ ತಿರುಪು ಕಂಡಿತೆಂದರೆ ಯಾರೋ ರಿಪೇರಿಗೆ ಕೈಹಾಕಿದ್ದಾರೆಂದು ಅರ್ಥ. ಯಂತ್ರವೆಲ್ಲ ಹುಸಿಯೆಂದಲ್ಲ. ಮೋಟರಿನ ಮೇಲೆ ‘ಥೋರೆನ್ಸ್’, ‘ಪಾಯ್ಯಾರ್’ ಎಂಬ ಸ್ವಿಟ್ಸರ್ಲೆಂಡಿನ ಹೆಸರುಗಳಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಅವರ ಮೋಟರುಗಳನ್ನು ಹತ್ತಾರು ಕಂಪನಿಗಳು ಕೊಂಡು ತಮ್ಮ ಪೆಟ್ಟಿಗೆಯೊಳಗೆ ಕೂಡಿಸುತ್ತಿದ್ದವು. ‘ಆಕ್ರಮಿತ ಜಪಾನಿನಲ್ಲಿ ತಯಾರಾದುದು’ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿದ್ದರೆ ಮಾತ್ರ ಯೋಚಿಸಬೇಕಾದುದೇ ಇಲ್ಲ: ಮಹಾಯುದ್ಧದ ನಂತರ, 1952ಕ್ಕೆ ಮುಂಚೆ.

ಇಷ್ಟೆಲ್ಲ ಯಾವ ದೇಶದ ಯಂತ್ರಕ್ಕೂ ಅನ್ವಯಿಸುವ ಮಾತಾಯಿತು. ಗದಗ ಸೀಮೆಯ ಯಂತ್ರಗಳಿಗೆ ಇನ್ನೊಂದು ಪಂಚಾಂಗವುಂಟು. ನನ್ನ ಮಟ್ಟಿಗೆ ಅದೇ ಹೆಚ್ಚು ಸ್ವಾರಸ್ಯವಾದುದು. ಪೆಟ್ಟಿಗೆಯ ಮುಚ್ಚಳದೊಳಗೆ ಮಾರಿದ ಅಥವಾ ರಿಪೇರಿ ಮಾಡಿದ ಅಂಗಡಿಯವರು ಚಿಕ್ಕ ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯ ವಿಳಾಸವನ್ನು ಓದಿರಿ. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು 1948ರ ಮಾರ್ಚಿಯಲ್ಲಿ. ‘ಲಕ್ಷ್ಮೇಶ್ವರ, ಮಿರಜ ಸಂಸ್ಥಾನ’ ಎಂದಿದ್ದರೆ ಚೀಟಿ ಅದಕ್ಕೂ ಹಿಂದಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1956ರ ನವೆಂಬರಿನಿಂದ 1973ರ ನವೆಂಬರಿನವರೆಗಿನದು. ‘ಜಿಲ್ಲಾ ಗದಗ’ ಎಂದು ಕಂಡರಂತೂ ನಗಬೇಕಾದೀತು, ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಮುಂಡರಗಿಯ ಕಡೆ ಸಿಕ್ಕ ಯಂತ್ರದ ಬೆಲೆಯನ್ನು ‘ಹಾಲಿ’ ರೂಪಾಯಿಯಲ್ಲಿ ಬರೆದಿದ್ದರೆ, ಅದು ಮಗ್ಗುಲಲ್ಲೇ ಇದ್ದ ನಿಜಾಮರ ಸೀಮೆಯಿಂದ, ಕೊಪ್ಪಳದ ಕಡೆಯಿಂದ ಬಂದಿರಬಹುದು.

ಬೆಲೆಯೂ ಮಾತನಾಡುತ್ತದೆ. ಸೂಜಿಯ ತಗಡಿನ ಡಬ್ಬಿಯ ಮೇಲೆ ಆಣೆಯ ಲೆಕ್ಕವಿದ್ದರೆ 1957ರ ಏಪ್ರಿಲ್‌ಗೆ ಹಿಂದಿನದಾಗಿರಬೇಕು. ‘ನಯೇ ಪೈಸೆ’ ಎಂದಿದ್ದರೆ 1957-64ರ ನಡುವಿನದು. ರೈಲಿನ ಪಾರ್ಸಲ್ ಚೀಟಿಯ ಮೇಲೆ ‘ಎಂ. ಎಸ್. ಎಂ.’ ಎಂಬ ಅಕ್ಷರಗಳಿದ್ದರೆ 1908ರಿಂದ 1951ರೊಳಗೆ ಅದು ಗದಗ ಜಂಕ್ಷನ್ನಿನಲ್ಲಿ ಇಳಿದಿರಬೇಕು. ಚೀಟಿ ಹೇಳುವುದು ಮಾರಿದ ಅಥವಾ ಸಾಗಿಸಿದ ಕಾಲವನ್ನು. ತಯಾರಾದುದು ಅದಕ್ಕೂ ಮೊದಲು. ಹಾಗಾದರೂ ಈ ಯಂತ್ರ ಯಾವ ಊರಿನಲ್ಲಿ, ಯಾವಾಗ ಹಾಡಿತೆಂಬುದನ್ನು ತಿಳಿಸಲು ಆ ಒಂದಂಗುಲದ ಕಾಗದವೊಂದೇ ದಾರಿ.

ಈ ಊರಿನಲ್ಲಿ ಫೋನೋದ ಹಾಡು ಬರಿಯ ಕಾಲಹರಣವಾಗಿರಲಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೋದ ಕಥೆ ಮನೆಮಾತಾಗಿದೆ. ಅಂತಹ ನೆನಪು ಅಂಟಿಕೊಂಡ ಊರಿನಲ್ಲಿ “ಅವರು ಕೇಳಿದ್ದು ಇದೇ ಯಂತ್ರದಲ್ಲಿ” ಎಂದು ಯಾರಾದರೂ ಪೆಟ್ಟಿಗೆಯೊಂದನ್ನು ಮುಂದಿಟ್ಟರೆ ಕೈಮುಗಿಯುವ ಮುನ್ನ ನೋಡಬೇಕು. 1933ಕ್ಕಿಂತ ಈಚಿನ ಮೂಲಭಾಗಗಳಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಭಾಗಗಳೆಲ್ಲ ಹಳೆಯವಾಗಿದ್ದರೂ ‘ಇರಬಹುದು’ ಎನ್ನಬಹುದೇ ವಿನಾ ‘ಹೌದು’ ಎನ್ನಲು ಕಾಗದಪತ್ರವೇ ಬೇಕು.

ಸಂಕಟವೆಂದರೆ ಆ ಕಾಗದವನ್ನೇ ನಾವು ಮೊದಲು ಕಿತ್ತೆಸೆಯುತ್ತೇವೆ. ಮಗಳ ಮದುವೆಗೆ ಮನೆ ಸುಣ್ಣಬಣ್ಣ ಕಾಣುವಾಗ ಅಟ್ಟದ ಫೋನೋ ಕೆಳಗಿಳಿಯುತ್ತದೆ. ಬಡಿಗನು ಉಪ್ಪುಕಾಗದದಿಂದ ಪೆಟ್ಟಿಗೆ ಉಜ್ಜಿ ಹೊಸ ಪಾಲಿಶ್ ಹಚ್ಚುತ್ತಾನೆ, ಒಳಗಿನ ಚೀಟಿ ಚಿಂದಿಯಾಗುತ್ತದೆ. ನಿಕ್ಕಲ್ ಕೈಗೆ ಕ್ರೋಮಿಯಂ ಲೇಪ ಬೀಳುತ್ತದೆ. ಬಿರುಕು ಬಿಟ್ಟ ಸತುವಿನ ಸೌಂಡ್ ಬಾಕ್ಸ್ ಕಸದ ಬುಟ್ಟಿ ಸೇರುತ್ತದೆ. ಎರಕದ ಸತುವಿನಲ್ಲಿ ಸೀಸದಂತಹ ಕಲ್ಮಷ ಬೆರೆತಿದ್ದರೆ ಅದು ಕಾಲಾಂತರದಲ್ಲಿ ಉಬ್ಬಿ ಒಡೆಯುವುದು ಸಹಜ. ಒಡೆದ ತುಂಡೂ ಮೂಲದ್ದೇ ಎಂಬುದನ್ನು ಮರೆಯಬಾರದು. ಎಲ್ಲ ಮುಗಿದಾಗ ಷೋಕೇಸಿನಲ್ಲಿ ನಿಲ್ಲುವುದು ವಯಸ್ಸೇ ಇಲ್ಲದ ಒಂದು ಚೆಲುವು.

ಆದುದರಿಂದ ಫೋನೋ ಕೆಳಗಿಳಿದ ದಿನ ಮೊದಲು ಚೀಟಿ, ಅಕ್ಷರ, ಅಂಕಿಗಳೆಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. ತೆಗೆದ ತಿರುಪುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಯಂತ್ರದೊಡನೆಯೇ ಇಡಿರಿ. ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಹಳೆಯ ಗ್ರೀಸು ಗಟ್ಟಿಯಾಗಿರುವುದರಿಂದ ಹ್ಯಾಂಡಲನ್ನು ಬಲವಂತದಿಂದ ತಿರುವಬೇಡಿರಿ. ಸ್ಪ್ರಿಂಗನ್ನು ಅಡಗಿಸಿಟ್ಟ ಉರುಟು ಡಬ್ಬಿಯನ್ನಂತೂ ಮನೆಯಲ್ಲಿ ಬಿಚ್ಚಲೇಬಾರದು. ಒಳಗೆ ಸುತ್ತಿಕೊಂಡಿರುವ ಉಕ್ಕಿನ ಪಟ್ಟಿ ಮುಚ್ಚಳ ತೆಗೆದೊಡನೆ ಚಾವಟಿಯಂತೆ ಸಿಡಿದು ಕೈಯನ್ನು ಎಲುಬಿನವರೆಗೆ ಸೀಳಬಲ್ಲದು. ಆ ಕೆಲಸವನ್ನು ಪಳಗಿದವರಿಗೇ ಬಿಡಿರಿ. ಬಿಡುವಾಗ, ಮುಚ್ಚಳದೊಳಗಿನ ಚೀಟಿಯನ್ನು ಮುಟ್ಟಕೂಡದೆಂದು ಅವರಿಗೂ ಹೇಳಿರಿ.