ಆಟದ ರೈಲು ನಿಂತಿತೇಕೆ?

ಚಾಮರಾಜನಗರ ತಾಲ್ಲೂಕಿನ ಕುದೇರು ಇಂದು ಹಾಲಿನ ಡೇರಿಯಿಂದ ಹೆಸರಾದ ಊರು. ಈ ಸೀಮೆಯ ಮಕ್ಕಳಿಗೆ ರೈಲು ಎಂದರೆ ಚಾಮರಾಜನಗರದಿಂದ ನಂಜನಗೂಡನ್ನು ಹಾದು ಮೈಸೂರಿಗೆ ಹೋಗುವ ರೈಲೇ. ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬಂದ ಕಂಬಿಯು ೧೯೨೬ರಲ್ಲಿ ಚಾಮರಾಜನಗರವನ್ನು ಮುಟ್ಟಿತು. ಆ ರೈಲನ್ನೇರಿ ಮೈಸೂರಿಗೆ ಹೋಗಿ, ೧೯೭೯ರಲ್ಲಿ ಸ್ಥಾಪಿತವಾದ ಅಲ್ಲಿನ ರೈಲು ವಸ್ತುಸಂಗ್ರಹಾಲಯವನ್ನು ಕಂಡು ಬಂದ ಹುಡುಗನು ಮನೆಯಲ್ಲಿಯೂ ಒಂದು ಪುಟ್ಟ ರೈಲು ಓಡಬೇಕೆಂದು ಹಟ ಹಿಡಿದರೆ ಅದರಲ್ಲಿ ಆಶ್ಚರ್ಯವೇನು?

ರೈಲು ಮನೆಗೆ ಬರುತ್ತದೆ. ಕೈಯಲ್ಲಿ ಹಿಡಿಯುವ ರಿಮೋಟಿನ ಗುಂಡಿಯೊತ್ತಿದರೆ ಹೊರಡುತ್ತದೆ, ಸಿಳ್ಳು ಹಾಕುತ್ತದೆ, ನಿಲ್ಲುತ್ತದೆ. ಒಂದೆರಡು ತಿಂಗಳು ಕಳೆಯುವುದರೊಳಗಾಗಿ ಗುಂಡಿಯೊತ್ತಿದರೂ ರೈಲು ಕದಲದು. ‘ರೈಲು ಕೆಟ್ಟಿತು’ ಎಂದು ಮನೆಯವರು ಅದನ್ನು ಅಟ್ಟಕ್ಕೆ ಏರಿಸುತ್ತಾರೆ. ಆದರೆ ಬಹುಮಟ್ಟಿಗೆ ಕೆಟ್ಟಿರುವುದು ರೈಲಲ್ಲ, ರಿಮೋಟಿನ ಬ್ಯಾಟರಿ.

ದೊಡ್ಡ ರೈಲಿನ ಬೋಗಿಗಳಿಗೂ ಬ್ಯಾಟರಿಯುಂಟು. ಹಿಂದಿನ ಬೋಗಿಗಳ ಅಡಿಯಲ್ಲಿದ್ದ ಡೈನಮೋ, ಚಕ್ರದ ಅಚ್ಚಿನೊಡನೆ ತಿರುಗಿ, ಓಡುವಾಗಲೇ ಬ್ಯಾಟರಿಯನ್ನು ತುಂಬುತ್ತಿತ್ತು. ಆಟದ ರೈಲಿನ ರಿಮೋಟಿಗೆ ಅಂತಹ ಸೌಕರ್ಯವಿಲ್ಲ. ಅದನ್ನು ತುಂಬುವ ಹೊಣೆ ಮನೆಯವರದು. ತೊಂದರೆಯ ಮೂಲವೂ ಅಲ್ಲಿಯೇ.

<b>ಸೆಲ್ಲಿನ ಸ್ವಭಾವ</b>

ಸಾಮಾನ್ಯ ಆಲ್ಕಲೈನ್ ಸೆಲ್ಲಿನ ಒತ್ತಡ ೧.೫ ವೋಲ್ಟು. ಮರಳಿ ತುಂಬಬಹುದಾದ ನಿಕಲ್ ಸೆಲ್ಲಿನದು ೧.೨ ವೋಲ್ಟು ಮಾತ್ರ. ಮೂರು ಸೆಲ್ಲುಗಳ ರಿಮೋಟಿಗೆ ೪.೫ ವೋಲ್ಟಿನ ಬದಲು ೩.೬ ವೋಲ್ಟು ದೊರೆಯುತ್ತದೆ. ಆದುದರಿಂದ ಸೆಲ್ಲಿನಲ್ಲಿ ಇನ್ನೂ ಶಕ್ತಿಯಿರುವಾಗಲೇ ಕೆಲವು ರಿಮೋಟುಗಳಲ್ಲಿ ಬ್ಯಾಟರಿ ಮುಗಿದ ಸೂಚನೆಯ ಕೆಂಪು ದೀಪ ಮಿನುಗತೊಡಗುತ್ತದೆ. ಇದು ಸೆಲ್ಲಿನ ದೋಷವಲ್ಲ.

ಎರಡನೆಯದು, ಬಳಸದೆ ಇಟ್ಟ ಸೆಲ್ಲೂ ತಾನಾಗಿ ಬರಿದಾಗುತ್ತದೆ. ದಸರೆಯ ರಜೆಯಲ್ಲಿ ಆಡಿ ಒಳಗಿಟ್ಟ ರಿಮೋಟು ಬೇಸಗೆಯ ರಜೆಯಲ್ಲಿ ಮೌನವಾಗಿರುವುದು ಈ ಕಾರಣದಿಂದ. ೨೦೦೫ರಿಂದ ಈಚೆಗೆ ಬಂದಿರುವ, ಕಡಿಮೆ ಸೋರುವ ಬಗೆಯ ನಿಕಲ್ ಸೆಲ್ಲುಗಳು ಈ ಕೊರತೆಯನ್ನು ಬಹಳಷ್ಟು ನೀಗಿವೆ. ಇನ್ನು ಹಳೆಯ ಸೆಲ್ಲಿನೊಡನೆ ಹೊಸದನ್ನು ಬೆರೆಸುವ ಪರಿಪಾಠವಂತೂ ಸಲ್ಲದು. ದುರ್ಬಲವಾದುದು ಮೊದಲು ಬರಿದಾಗಿ, ಉಳಿದವು ಅದರ ಮೂಲಕ ಹಿಮ್ಮುಖವಾಗಿ ವಿದ್ಯುತ್ತನ್ನು ನೂಕಿ, ಅದನ್ನು ಸಂಪೂರ್ಣವಾಗಿ ಕೆಡಿಸುತ್ತವೆ.

<b>ಕರೆಂಟು ಹೋಗಿ ಬಂದಾಗ</b>

ಹಳ್ಳಿಯ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಅಗ್ಗದ ಚಾರ್ಜರುಗಳಲ್ಲಿ ಹಲವು ಗಡಿಯಾರವನ್ನು ಮಾತ್ರ ನಂಬಿ ನಡೆಯುತ್ತವೆ. ಸೆಲ್ಲು ತುಂಬಿತೇ ಇಲ್ಲವೇ ಎಂಬುದನ್ನು ಅವು ಅರಿಯವು. ೧೪ ಗಂಟೆಗೆ ಗೊತ್ತುಪಡಿಸಿದ ಚಾರ್ಜರು ಕೆಲಸ ಮಾಡುತ್ತಿರುವಾಗ ೧೨ನೆಯ ಗಂಟೆಯಲ್ಲಿ ಕರೆಂಟು ಹೋಯಿತೆನ್ನೋಣ. ಮರಳಿ ಬಂದೊಡನೆ ಅಂತಹ ಚಾರ್ಜರು ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತದೆ. ಒಟ್ಟು ೨೬ ಗಂಟೆಗಳಾಗುತ್ತವೆ! ಸೆಲ್ಲು ಬಿಸಿಯೇರುತ್ತದೆ, ಹೀಗೆ ಮೇಲಿಂದ ಮೇಲೆ ನಡೆದರೆ ಅದರ ಆಯುಸ್ಸು ಕುಗ್ಗುತ್ತದೆ. ಉತ್ತಮ ಚಾರ್ಜರಾದರೋ, ಸೆಲ್ಲು ತುಂಬಿದಾಗ ಅದರ ಒತ್ತಡ ತುಸು ಇಳಿಯುವುದನ್ನೂ ಕಾವು ಏರುವುದನ್ನೂ ಗುರುತಿಸಿ ತಾನೇ ನಿಲ್ಲುತ್ತದೆ. ಸೆಲ್ಲಿಗಿಂತ ಚಾರ್ಜರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಲೇಸೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಎಚ್ಚರಿಕೆ ಇನ್ನೂ ಅಗತ್ಯ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲಿನ ಮೇಲ್ಮಿತಿ ೪.೨ ವೋಲ್ಟು. ಅದನ್ನು ಮೀರಿ ತುಂಬಿದರೆ ಬೆಂಕಿ ಹೊತ್ತುವ ಅಪಾಯವುಂಟು. ಅದರ ಜೊತೆಗೆ ಬಂದ ಚಾರ್ಜರನ್ನೇ ಬಳಸಬೇಕು. ಹಾಸಿಗೆಯ ಮೇಲಿಟ್ಟು ಮಲಗಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ತುಂಬಲೇಬಾರದು. ಸಾಮಾನ್ಯ ಆಲ್ಕಲೈನ್ ಸೆಲ್ಲುಗಳನ್ನಂತೂ ಚಾರ್ಜರಿಗೆ ಹಾಕುವಂತೆಯೇ ಇಲ್ಲ; ಅವು ಸೋರಬಹುದು, ಸಿಡಿಯಲೂಬಹುದು.

<b>ಗೃಹಿಣಿಯರ ಗಮನಕ್ಕೆ</b>

ರಿಮೋಟಿನ ಒಳಗೆ ಬಿಳಿಯ ಪುಡಿ ಕಂಡರೆ ಆಲ್ಕಲೈನ್ ಸೆಲ್ಲು ಸೋರಿದೆಯೆಂದು ತಿಳಿಯಬೇಕು. ಸೆಲ್ಲುಗಳನ್ನು ತೆಗೆದು, ನಿಂಬೆರಸದಲ್ಲಿ ತುಸುವೇ ಅದ್ದಿದ ಹತ್ತಿಯಿಂದ ಲೋಹದ ತುದಿಗಳನ್ನು ಒರೆಸಿ, ಚೆನ್ನಾಗಿ ಒಣಗಿಸಿದರೆ ಎಷ್ಟೋ ರಿಮೋಟುಗಳು ಮತ್ತೆ ಜೀವ ತಳೆಯುತ್ತವೆ. ಬರಿಗೈಯಿಂದ ಮುಟ್ಟದಿರುವುದು ಕ್ಷೇಮ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯದೇ ಇದೆ. ಚಿಕ್ಕ ರಿಮೋಟುಗಳಲ್ಲಿರುವ ಗುಂಡಿಯಾಕಾರದ ಸೆಲ್ಲು ಎಳೆಯ ಮಗುವಿನ ಕಣ್ಣಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಅಂತಹ ಸಂಶಯ ಬಂದೊಡನೆ ವಾಂತಿ ಮಾಡಿಸಲು ಹೋಗದೆ, ಅಳು ನಿಂತಿತೆಂದು ಸುಮ್ಮನಾಗದೆ, ಮಗುವನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಸ್ಕ್ರೂ ಬಿಗಿದ ಮುಚ್ಚಳವಿಲ್ಲದ ಆಟಿಕೆಯನ್ನು ಕೊಳ್ಳದಿರುವುದೇ ಮೇಲು.

ಆಯುಸ್ಸು ತೀರಿದ ಸೆಲ್ಲುಗಳನ್ನು ತಿಪ್ಪೆಗೆ ಎಸೆಯುವುದಾಗಲಿ ಒಲೆಗೆ ಹಾಕುವುದಾಗಲಿ ಸಲ್ಲದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅವನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಂದು ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದಂತೆ, ತುದಿಗಳಿಗೆ ಟೇಪು ಅಂಟಿಸಿ ಕೂಡಿಟ್ಟು, ಪೇಟೆಗೆ ಹೋದಾಗ ಸಂಗ್ರಹಣ ಕೇಂದ್ರಕ್ಕೆ ಒಪ್ಪಿಸಬಹುದು. ಅಟ್ಟ ಸೇರಿದ ರೈಲನ್ನು ಈ ಭಾನುವಾರ ಕೆಳಗಿಳಿಸಿ, ಹೊಸ ಸೆಲ್ಲು ಹಾಕಿ, ಒಮ್ಮೆ ಗುಂಡಿಯೊತ್ತಿ ನೋಡುವುದು ಒಳ್ಳೆಯದು.