ಅಪ್ಪಾಜಿಯ ಕಂಪ್ಯೂಟರ್ ಯಾಕೆ ಪದೇ ಪದೇ ಆಫ್ ಆಗ್ತಿತ್ತು?

“ಮತ್ತೆ ಆಫ್ ಆಗೋಯ್ತು ಕಣಮ್ಮ.”

ಕಳೆದ ಆಗಸ್ಟ್ ಪೂರ್ತಿ ಅಪ್ಪಾಜಿಯ ಫೋನ್ ಅಂದ್ರೆ ಇದೊಂದೇ ಮಾತು. ನಾನು ಬೆಂಗಳೂರಿನ ಆಫೀಸಲ್ಲಿ ಮೀಟಿಂಗ್‌ನಲ್ಲಿರಲಿ, ಮೆಟ್ರೋದಲ್ಲಿ ನೇತಾಡ್ತಿರಲಿ, ಬೀಚನಹಳ್ಳಿಯಿಂದ ಕಾಲ್ ಬಂತು ಅಂದ್ರೆ ಕಂಪ್ಯೂಟರ್ ಆಫ್ ಆಗಿದೆ ಅಂತಲೇ ಲೆಕ್ಕ. ನಾನು ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್. ಆದರೆ ಊರಿನವರ ಪ್ರಕಾರ ‘ಕಂಪ್ಯೂಟರ್ ಓದಿದೋಳು’ ಅಂದ್ರೆ ಮಿಕ್ಸಿಯಿಂದ ಹಿಡಿದು ಸೆಟ್‌ಟಾಪ್ ಬಾಕ್ಸ್ ತನಕ ಎಲ್ಲಾ ರಿಪೇರಿ ಬರಬೇಕು. ಹಳ್ಳಿ ಬಿಟ್ಟು ಐಟಿ ಸೇರಿದವರಿಗೆಲ್ಲ ಈ ಪಾಡು ಗೊತ್ತಿರುತ್ತೆ.

ಅಪ್ಪಾಜಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಡ್ಯಾಮ್ ಇರೋ ಊರು. ಮಳೆಗಾಲದಲ್ಲಿ ಗೇಟ್ ತೆಗೆದ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. 1974ರಲ್ಲಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಮೇಲ್ಗಡೆಯ ಹಳ್ಳಿಗಳು ಮುಳುಗಿದವು. ಆನೆ ಹಿಡಿಯೋ ಖೆಡ್ಡಾ ನಡೀತಿದ್ದ ಕಾಕನಕೋಟೆಯ ಜಾಗವೂ ಹಿನ್ನೀರಿನ ಪಾಲಾಯಿತು. ಅಲ್ಲಿ ಕೊನೇ ಖೆಡ್ಡಾ ನಡೆದದ್ದು 1971ರಲ್ಲಿ. ಮುಳುಗಿದ ಹಳ್ಳಿಗಳಲ್ಲಿ ಅಪ್ಪಾಜಿ ಹುಟ್ಟಿದ ಊರೂ ಒಂದು. ಆಗ ಅವರಿನ್ನೂ ಸ್ಕೂಲ್ ಹುಡುಗ.

ಯುಗಾದಿ ಆದ ಮೇಲೆ ಆ ಊರಿನ ಬಗ್ಗೆ ಬರೆಯೋಕೆ ಕೂತರು. ಯಾವ ಬೀದಿಯಲ್ಲಿ ಯಾರ ಮನೆ, ಯಾವ ಹೊಲದ ಬದುವಿನಲ್ಲಿ ಯಾವ ಮರ, ಮಾರಿಹಬ್ಬದಲ್ಲಿ ಯಾರು ತಮಟೆ ಬಡೀತಿದ್ರು, ಎಲ್ಲ. ಆ ಊರನ್ನು ಕಣ್ಣಾರೆ ಕಂಡವರು ಈಗ ಹತ್ತಿಪ್ಪತ್ತು ಜನ ಉಳಿದಿದ್ದಾರೆ ಅಷ್ಟೆ. ಅಪ್ಪಾಜಿಗೆ ಕೈ ನಡುಗುತ್ತೆ, ಪೆನ್ನು ಹಿಡಿದು ಬರೆದರೆ ಅವರ ಅಕ್ಷರ ಅವರಿಗೇ ಓದೋಕಾಗಲ್ಲ. ಅದಕ್ಕೇ ಕಂಪ್ಯೂಟರ್. ನಾನು ಕಾಲೇಜಿನಲ್ಲಿ ಬಳಸಿ ಬಿಟ್ಟುಬಂದ ಹಳೇ ಡೆಸ್ಕ್‌ಟಾಪ್, ಅದರಲ್ಲಿ ‘ನುಡಿ’. ಎರಡೇ ಬೆರಳಿನಲ್ಲಿ, ಒಂದು ಪುಟಕ್ಕೆ ಒಂದು ಗಂಟೆ.

ಆವತ್ತು ಗಾಡಿಗೆ ಸಾಮಾನು ಹೇರಿಕೊಂಡು ಊರು ಬಿಟ್ಟ ದಿನದ ಬಗ್ಗೆ ಮೂರು ಪುಟ ಬರೆದಿದ್ದರಂತೆ. ಸೇವ್ ಮಾಡಿರಲಿಲ್ಲ. ಟಪ್ ಅಂತ ಆಫ್.

“ಒಂದ್ಸಲ ನೀರಲ್ಲಿ ಮುಳುಗ್ತು. ಈಗ ಈ ಡಬ್ಬದಲ್ಲೂ ಮುಳುಗ್ತದೆ. ಬುಡು ಅತ್ಲಾಗೆ,” ಅಂದು ಫೋನಿಟ್ಟರು.

ಆಮೇಲೆ ನಾಲ್ಕು ದಿನ ಅವರಿಂದ ಫೋನೇ ಇಲ್ಲ. ಅಷ್ಟು ದಿನ ಕಿರಿಕಿರಿ ಅನ್ನಿಸುತ್ತಿದ್ದ ಕಾಲ್ ಬರದೇ ಹೋದಾಗ ನನಗೆ ಭಯ ಆಯ್ತು. “ಬರೆಯೋದ್ ಬುಟ್ಬುಟ್ರು ಕಣೆ, ಸುಮ್ನೆ ಜಗಲಿ ಮೇಲೆ ಕೂತಿರ್ತಾರೆ,” ಅಂದಳು ಅವ್ವ.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಸಿಪಿಯು ಎತ್ತಿಕೊಂಡು ಪೇಟೆಯ ಒಂದು ಅಂಗಡಿಗೆ ಹೋಗಿದ್ದ. ಅವರು ಎರಡು ಗಂಟೆ ಆನ್ ಮಾಡಿಟ್ಟು ನೋಡಿದರಂತೆ, ಅಲ್ಲಿ ಒಂದು ಸಲವೂ ಆಫ್ ಆಗಲಿಲ್ಲ. ಆದರೂ “ಮದರ್‌ಬೋರ್ಡ್ ವೀಕ್ ಆಗಿದೆ, ಹೊಸ ಸಿಸ್ಟಮ್ ತಗೊಳ್ಳಿ, 38 ಸಾವಿರ” ಅಂದರಂತೆ. ನಾನು ದುಡ್ಡು ಕಳಿಸೋಕೆ ಫೋನ್ ಕೈಗೆತ್ತಿಕೊಂಡೂ ಆಗಿತ್ತು. ಆಗ ತಲೆಗೆ ಹೊಳೆದದ್ದು: ಅಂಗಡಿಯಲ್ಲಿ ಆಫ್ ಆಗದ್ದು ಮನೆಯಲ್ಲಿ ಯಾಕೆ ಆಗುತ್ತೆ? ಆಫೀಸಲ್ಲಿ ಯಾರಾದರೂ ‘ಆ್ಯಪ್ ಕ್ರ್ಯಾಶ್ ಆಗ್ತಿದೆ’ ಅಂದರೆ ನಾನು ಕೇಳೋ ಮೊದಲ ಪ್ರಶ್ನೆ ‘ಯಾವಾಗ? ಏನು ಮಾಡ್ತಿದ್ದಾಗ?’ ಅನ್ನೋದು. ನಮ್ಮಪ್ಪನಿಗೆ ಆ ಪ್ರಶ್ನೆಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಬರೀ ‘ರೀಸ್ಟಾರ್ಟ್ ಮಾಡಿ ಅಪ್ಪಾಜಿ’ ಅಂತಿದ್ದೆ.

ಹಾಗಾಗಿ ರಿಪೇರಿಗೆ ಮೊದಲು ಎರಡು ಕೆಲಸ ಹೇಳಿದೆ. ಒಂದು, ವರ್ಡ್‌ನಲ್ಲಿ ಆಟೋ ರಿಕವರ್ 10 ನಿಮಿಷಕ್ಕೆ ಇರುತ್ತೆ, ಅದನ್ನು 1 ನಿಮಿಷಕ್ಕೆ ಇಳಿಸೋದು. ಪ್ರತಿ ಪ್ಯಾರಾ ಮುಗಿದಾಗ ಕಂಟ್ರೋಲ್ ಎಸ್ ಒತ್ತೋದು, ಸಂಜೆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕೋದು. ಕಂಪ್ಯೂಟರ್ ಯಾವಾಗ ಬೇಕಾದರೂ ಸಾಯಲಿ, ಬರೆದದ್ದು ಸಾಯಬಾರದು. ಎರಡನೆಯದು, ಆಫ್ ಆದಾಗಲೆಲ್ಲ ಒಂದು ಪುಸ್ತಕದಲ್ಲಿ ಬರೆದಿಡೋದು: ದಿನ, ಟೈಮು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ತಕ್ಷಣ ಮತ್ತೆ ಆನ್ ಆಯ್ತಾ ಇಲ್ವಾ, ರೂಮಿನ ಲೈಟ್ ಇತ್ತಾ.

ಮೇಷ್ಟ್ರಿಗೆ ರಿಜಿಸ್ಟರ್ ಕೊಟ್ಟರೆ ಕೇಳಬೇಕೇ? ಕೈ ನಡುಗಿದರೂ ಹಾಜರಿ ಪುಸ್ತಕದ ಥರ ಗೆರೆ ಹೊಡೆದು, ಕಾಲಂ ಮಾಡಿ ಶುರುವಿಟ್ಟರು. ಅವರಿಗೆ ಮತ್ತೆ ಒಂದು ಕೆಲಸ ಸಿಕ್ಕಿತ್ತು, ನನಗೆ ಅದೇ ಸಮಾಧಾನ.

ವಿಡಿಯೊ ಕಾಲ್‌ನಲ್ಲಿ ಇವೆಂಟ್ ವ್ಯೂವರ್ ಕೂಡ ತೆಗೆಸಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಇವೆಂಟ್‌ವಿಡಬ್ಲ್ಯುಆರ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ತೆರೆಯುತ್ತೆ. ಅದರ ಸಿಸ್ಟಮ್ ಪಟ್ಟಿಯಲ್ಲಿ ಕೆಂಪು ಗುರುತಿನ ಸಾಲನ್ನು ಅಪ್ಪಾಜಿ ಓದಿದರು: “ಕರ್ನಲ್ ಪವರ್, ನಲವತ್ತೊಂದು. ಯಾರಮ್ಮ ಇವನು, ಮಿಲಿಟ್ರಿಯವನಾ?” ಈ 41ನೇ ನಂಬರ್ ನೋಡಿ ಗಾಬರಿಯಾಗಿ ಗೂಗಲ್ ಮಾಡೋರು ತುಂಬಾ ಜನ. ಅದು ಹೇಳೋದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಯ್ತು. ಯಾಕೆ ಅಂತ ಹೇಳಲ್ಲ. ನಿಮಗೆ ನೀಲಿ ಸ್ಕ್ರೀನ್ ಬಂದು ತಾನೇ ರೀಸ್ಟಾರ್ಟ್ ಆಗ್ತಿದ್ರೆ ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ನಮ್ಮದು ಹಾಗಲ್ಲ, ದೀಪ ಆರಿದ ಹಾಗೆ ಆರಿಹೋಗ್ತಿತ್ತು. ಅಂದ್ರೆ ಬಿಸಿ, ಇಲ್ಲವೇ ಕರೆಂಟು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಪುಸ್ತಕದಲ್ಲಿ 14 ಸಾಲುಗಳಿದ್ದವು. ಒಂಬತ್ತು ಸಲ ಮಧ್ಯಾಹ್ನ, ಆನ್ ಮಾಡಿ ಮುಕ್ಕಾಲು ಗಂಟೆ ಆದ ಮೇಲೆ ಆಫ್ ಆಗಿತ್ತು. ಆಗ ಹತ್ತು ನಿಮಿಷ ಬಿಟ್ಟರೆ ಮಾತ್ರ ಮತ್ತೆ ಆನ್. ಉಳಿದ ಐದು ಸಲ ಬೆಳಿಗ್ಗೆ ಅಥವಾ ಸಂಜೆ, ಆನ್ ಮಾಡಿ ಐದು ನಿಮಿಷಕ್ಕೂ ಆಫ್ ಆದದ್ದುಂಟು. ಆದರೆ ಬಟನ್ ಒತ್ತಿದ ತಕ್ಷಣ ಎದ್ದು ಕೂರುತ್ತಿತ್ತು. ಅಂದ್ರೆ ಕಾಯಿಲೆ ಒಂದಲ್ಲ, ಎರಡು. ಎರಡಕ್ಕೂ ಲಕ್ಷಣ ಮಾತ್ರ ಒಂದೇ.

ಮೊದಲನೆಯದು ಬಿಸಿ ಅಂತ ಗೊತ್ತಾಗೋಕೆ ಕಷ್ಟ ಆಗಲಿಲ್ಲ. ಪ್ರೊಸೆಸರ್ ತೀರಾ ಬಿಸಿಯಾದರೆ ಮೊದಲು ನಿಧಾನ ಆಗುತ್ತೆ, ಮಾಡೆಲ್ ಮೇಲೆ ಸುಮಾರು 100 ಡಿಗ್ರಿ ಹತ್ತಿರ ಹೋದರೆ ಸುಟ್ಟುಹೋಗಬಾರದು ಅಂತ ತಾನೇ ನಿಂತುಬಿಡುತ್ತೆ. ತಣ್ಣಗಾಗೋ ತನಕ ಏಳಲ್ಲ. ಬಯಾಸ್ ಒಳಗೆ ಹೋಗಿ ಹಾರ್ಡ್‌ವೇರ್ ಮಾನಿಟರ್ ನೋಡಿದೆ. ಏನೂ ಕೆಲಸ ಮಾಡದೆ ಸುಮ್ಮನೆ ಕೂತಿದ್ದರೂ 84 ಡಿಗ್ರಿ, ಏರುತ್ತಲೇ ಇತ್ತು.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಒಳಗಿನ ಕರೆಂಟ್ ಖಾಲಿ ಮಾಡಿ, ಪಕ್ಕದ ಬಾಗಿಲು ತೆಗೆದೆ. ಒಳಗೆ ಧೂಳಲ್ಲ, ಕಪ್ಪು ಮಸಿ. ನಮ್ಮ ಕಡೆ, ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ, ಹೊಗೆಸೊಪ್ಪು ಬೆಳೀತಾರೆ. ಜುಲೈನಿಂದ ಬ್ಯಾರನ್‌ಗಳಲ್ಲಿ ಸೌದೆ ಉರಿಸಿ ಸೊಪ್ಪು ಬೇಯಿಸೋ ಕೆಲಸ. ಒಂದು ಸಲ ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ. ದೊಡ್ಡಪ್ಪನ ಬ್ಯಾರನ್ ಇರೋದು ನಮ್ಮ ಕಿಟಕಿಯ ಎದುರಿಗೇ. ಕಿಟಕಿಯ ಕೆಳಗೆ ನೆಲದ ಮೇಲೆ ಈ ಸಿಪಿಯು. ಆಗಸ್ಟ್‌ನಲ್ಲೇ ಯಾಕೆ ಶುರುವಾಯ್ತು ಅನ್ನೋದಕ್ಕೂ ಉತ್ತರ ಸಿಕ್ಕಿತು. ಪ್ರೊಸೆಸರ್ ಮೇಲಿನ ಫ್ಯಾನ್ ಮಸಿ ಮೆತ್ತಿ ಆಲೆಮನೆ ಎತ್ತಿನ ಹಾಗೆ ತಿರುಗುತ್ತಿತ್ತು. ಅಂಗಡಿಯವರು ಬಾಗಿಲು ಬಿಚ್ಚಿ, ಸೀಲಿಂಗ್ ಫ್ಯಾನ್ ಕೆಳಗೆ ಇಟ್ಟಿದ್ದರಂತೆ. ಅಲ್ಲಿ ಬಿಸಿ ಏರಿರಲಿಕ್ಕಿಲ್ಲ.

ಕ್ಲೀನ್ ಮಾಡೋಕೆ ಬೇಕಾದದ್ದು ಒಣಗಿದ ಪೇಂಟ್ ಬ್ರಷ್ ಮತ್ತು ತಾಳ್ಮೆ. ಗಾಳಿ ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ರೆ ಜೋರಾಗಿ ತಿರುಗಿ ಹಾಳಾಗಬಹುದು. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಸ್ಟ್ಯಾಟಿಕ್ ಕರೆಂಟ್ ಚಿಪ್‌ಗೆ ಒಳ್ಳೆಯದಲ್ಲ. ವೈರ್‌ಗಳೆಲ್ಲ ಹೊರಡೋ ತಗಡಿನ ಡಬ್ಬ ಇದೆಯಲ್ಲ, ಎಸ್‌ಎಂಪಿಎಸ್, ಅದನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತೆ. ಹೀಟ್‌ಸಿಂಕ್ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ ಥರ ಆಗಿತ್ತು. ಒರೆಸಿ, ಮೈಸೂರಿನಿಂದ ತಂದ ಟ್ಯೂಬ್‌ನಿಂದ ಸಣ್ಣ ಬಟಾಣಿಯಷ್ಟು ಹೊಸದು ಹಾಕಿದೆ. ಮತ್ತೆ ಬಯಾಸ್‌ನಲ್ಲಿ ನೋಡಿದರೆ 47. ಸಿಪಿಯು ಈಗ ಸ್ಟೂಲ್ ಮೇಲೆ, ಕಿಟಕಿಯಿಂದ ದೂರ.

(ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಕೆಲಸ ಮಾಡೋರಿಗೂ ಇದೇ ಕಥೆ. ಕೆಳಗಿನ ಗಾಳಿ ಕಿಂಡಿ ಹೊದಿಕೆಯಲ್ಲಿ ಮುಚ್ಚಿಹೋಗಿರುತ್ತೆ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ ಮಾತ್ರ ಬ್ಯಾಟರಿ ಊದಿಕೊಂಡಿರಬಹುದು, ಚಾರ್ಜ್ ಹಾಕೋದನ್ನೇ ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.)

ಹಬ್ಬದ ದಿನ ಅಪ್ಪಾಜಿ ಮೂರು ಗಂಟೆ ಕೂತು ಬರೆದರು. ಒಂದು ಸಲವೂ ಆಫ್ ಆಗಲಿಲ್ಲ. ನಾನು ಗೆದ್ದೆ ಅಂದುಕೊಂಡು ಕಡುಬು ತಿಂದು ಮಲಗಿದೆ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಟಪ್.

ಅಪ್ಪಾಜಿ ಏನೂ ಅನ್ನಲಿಲ್ಲ. ಪುಸ್ತಕ ತೆಗೆದು 15ನೇ ಸಾಲು ಬರೆದರು. ನಾನು ಸ್ವಿಚ್ ಬೋರ್ಡ್ ಹತ್ತಿರ ಕೂತು ವೈರ್ ಅಲ್ಲಾಡಿಸುತ್ತಿದ್ದೆ. ಅವ್ವ ಹಿತ್ತಲಿನಿಂದ ಒಳಗೆ ಬಂದವಳೇ, “ಆಫಾಯ್ತಾ? ನಾನ್ ಮೋಟ್ರು ಹಾಕ್ದಾಗ್ಲೆಲ್ಲ ನಿಮ್ಮಪ್ಪ ಹಿಂಗೇ ಬೈಕೊಂಡ್ ಕೂರ್ತಾರೆ,” ಅಂದಳು.

ನಾನೂ ಅಪ್ಪಾಜಿಯೂ ಮುಖ ಮುಖ ನೋಡಿಕೊಂಡೆವು.

“ನಿಂಗೆ ಮೊದ್ಲೇ ಗೊತ್ತಿತ್ತೇನವ್ವ?”

“ನನ್ನ ಯಾರ್ ಕೇಳಿದ್ರು?”

ಪುಸ್ತಕ ತೆಗೆದು ನೋಡಿದರೆ ಆರೂವರೆ, ಆರೂ ನಲವತ್ತು, ಸಂಜೆ ಐದೂವರೆ, ಎಲ್ಲಾ ಅವ್ವ ಟ್ಯಾಂಕಿಗೆ ನೀರು ಬಿಡೋ ಹೊತ್ತೇ. ಮೋಟಾರ್ ಶುರುವಾಗೋ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಆಗ ಮನೆಯ ವೋಲ್ಟೇಜ್ ಒಂದು ಗಳಿಗೆ ಕುಸಿಯುತ್ತೆ, ಬಲ್ಬ್ ಕಣ್ಣು ಮಿಟುಕಿಸೋದು ಅದಕ್ಕೇ. 230 ವೋಲ್ಟ್ ಇರಬೇಕಾದ ಕಡೆ ಆ ಗಳಿಗೆಯಲ್ಲಿ ಎಷ್ಟು ಉಳಿಯುತ್ತೋ ಅದು ನಿಮ್ಮ ಮನೆಯ ವೈರಿಂಗ್, ಮೋಟಾರ್ ಮೇಲೆ ಹೋಗುತ್ತೆ.

ಆದರೆ ನಮ್ಮಲ್ಲಿ ಯುಪಿಎಸ್ ಇತ್ತಲ್ಲ? ಹಸಿರು ಲೈಟೂ ಉರೀತಿತ್ತು. ಅದನ್ನೇ ನಂಬಿ ನಾನು ಆ ಕಡೆ ನೋಡಿರಲೇ ಇಲ್ಲ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಯುಪಿಎಸ್‌ಗೆ ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆಫ್ ಮಾಡಿದೆ. ಲ್ಯಾಂಪ್ ಅದೇ ಕ್ಷಣ ಆರಿಹೋಯ್ತು. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಸತ್ತ ಬ್ಯಾಟರಿಯ ಯುಪಿಎಸ್ ಇರೋದಕ್ಕಿಂತ ಇಲ್ಲದಿರೋದೇ ವಾಸಿ. ವೋಲ್ಟೇಜ್ ಸ್ವಲ್ಪ ಕುಸಿದರೆ ಕಂಪ್ಯೂಟರ್ ತಾನಾಗಿಯೇ ತಡ್ಕೊಂಡುಬಿಡಬಹುದು. ಆದರೆ ಈ ಯುಪಿಎಸ್ ‘ನಾನು ನೋಡ್ಕೋತೀನಿ’ ಅಂತ ಬ್ಯಾಟರಿಗೆ ಬದಲಾಯಿಸುತ್ತೆ, ಅಲ್ಲಿ ಏನೂ ಇರಲ್ಲ.

ಇವುಗಳ ಒಳಗಿರೋದು 12 ವೋಲ್ಟ್, 7 ಆಂಪಿಯರ್ ಅವರ್‌ನ ಸಣ್ಣ ಲೆಡ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತೆ. ನಮ್ಮದು ನಾನು ಡಿಗ್ರಿ ಓದುವಾಗಿನದು. ಹೊಸದಕ್ಕೆ ಸಾವಿರ ರೂಪಾಯಿ ಚಿಲ್ಲರೆ ಆಯ್ತು, ಹಳೇದನ್ನು ಅಂಗಡಿಯವರೇ ಇಟ್ಟುಕೊಂಡು ಸ್ವಲ್ಪ ಕಮ್ಮಿ ಮಾಡಿದರು. ಹಾಗೆ ಕೊಟ್ಟುಬಿಡೋದೇ ಸರಿ, ಸೀಸ ಇರೋ ವಸ್ತು ಕಸಕ್ಕೆ ಹಾಕಬಾರದು. ಪೇಸ್ಟು, ಬ್ಯಾಟರಿ ಎಲ್ಲಾ ಸೇರಿ ಒಂದೂವರೆ ಸಾವಿರ ದಾಟಲಿಲ್ಲ.

ಹೊರಡೋ ದಿನ ಬೆಳಿಗ್ಗೆ ಅಪ್ಪಾಜಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ, “ಹಾಕವ್ವ” ಅಂತ ಕೂಗಿದೆ. ಮೋಟಾರ್ ಗುರ್ ಅಂತು. ಬಲ್ಬ್ ಮಿಟುಕಿತು. ಯುಪಿಎಸ್ ಒಂದು ಸಲ ‘ಕಟ್’ ಅಂತು. ಸ್ಕ್ರೀನ್ ಮೇಲೆ ಕರ್ಸರ್ ಮಿಣಮಿಣ ಅಂತ ಅಲ್ಲೇ ಇತ್ತು. ಮೂರು ಸಲ ಹಾಕಿಸಿ ಆರಿಸಿ ನೋಡಿದೆ. ನಾಲ್ಕನೇ ಸಲಕ್ಕೆ ಅವ್ವ “ಟ್ಯಾಂಕ್ ತುಂಬಿ ಹರೀತಾ ಅದೆ, ಸಾಕು” ಅಂದಳು.

ಅರ್ತಿಂಗ್ ಗುಂಡಿ ಒಣಗಿಹೋಗಿದೆ, ಅದನ್ನು ಬೇಸಿಗೆಗೆ ಮೊದಲು ಎಲೆಕ್ಟ್ರಿಷಿಯನ್ ಕೈಲಿ ಸರಿ ಮಾಡಿಸಬೇಕು. ಇನ್ನೊಂದು ಕೆಲಸವೂ ಉಳಿದಿದೆ. ಅಪ್ಪಾಜಿ ಕಳಿಸಿದ ಫೈಲ್ ನನ್ನ ಫೋನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ನುಡಿ ಫಾಂಟ್ ಯೂನಿಕೋಡ್ ಅಲ್ಲ, ಅದಕ್ಕೆ. ಕನ್ವರ್ಟರ್‌ನಲ್ಲಿ ಹಾಕಿ ಒಂದೊಂದೇ ಅಧ್ಯಾಯ ಬದಲಾಯಿಸ್ತಿದ್ದೀನಿ, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಕೂತು ತಿದ್ದಬೇಕು.

ಊರು ಬಿಟ್ಟ ದಿನದ ಅಧ್ಯಾಯ ಮೊನ್ನೆ ಬಂತು. ಮೊದಲು ಮೂರು ಪುಟ ಇದ್ದದ್ದು ಈಗ ಐದಾಗಿದೆ. ಗಾಡಿ ಹೊರಟ ಮೇಲೆ ನಾಯಿ ಹಿಂದೆ ಬರದೆ ಖಾಲಿ ಮನೆಯ ಬಾಗಿಲಲ್ಲೇ ಕೂತಿತ್ತಂತೆ. ಹೋದ ಸಲ ಬರೆದದ್ದರಲ್ಲಿ ಆ ನಾಯಿ ಇರಲಿಲ್ಲವಂತೆ.

“ಈ ಸಲ ನೆನಪಾಯ್ತು ಕಣಮ್ಮ,” ಅಂದರು.